ಬಾಪನ ಲೈಟಿನ ಟೊಪ್ಪಿ: ಹನ್ನೆರಡು ವಾರ ನಾವು ಬರೆದಿಟ್ಟದ್ದು

ಕಳೆದ ತಿಂಗಳು ಹೊಳಲ್ಕೆರೆಯಲ್ಲಿ ಸಂಬಂಧಿಕರ ಮದುವೆ ಇತ್ತು. ಊಟ ಮುಗಿಸಿ ಕೈ ತೊಳೆಯುವಲ್ಲಿ ಒಬ್ಬರು ನಮ್ಮನ್ನು ಹಿಡಿದು ನಿಲ್ಲಿಸಿದರು. "ನಿಮ್ಮ ಬಾಪನಿಗೆ ದುಬೈಯಿಂದ ಲೈಟಿನ ಟೊಪ್ಪಿ ಬಂದಿದೆಯಂತೆ, ನಡುಕ ನಿಂತೇ ಹೋಯಿತಂತೆ, ಹೌದಾ?" ಹೊರಗೆ ಬಂದರೆ ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಯೊಬ್ಬರದ್ದೂ ಅದೇ ಪ್ರಶ್ನೆ, ಅವರ ತಂದೆಗೂ ಅದೇ ಕಾಯಿಲೆ. ಮೂರನೆಯವರು ಒಬ್ಬ ಹೆಂಗಸು, ಹಿರಿಯೂರಿನವರು. "ಟೊಪ್ಪಿ ಹಾಕಿದರೆ ಉಮ್ಮನ ಮಾತ್ರೆ ನಿಲ್ಲಿಸಬಹುದಲ್ವಾ?" ಅಂದರು.

ಮೊದಲ ಎರಡು ಪ್ರಶ್ನೆಗೆ ನಗುತ್ತಾ ಉತ್ತರ ಕೊಟ್ಟಿದ್ದೆವು. ಮೂರನೆಯದು ಕೇಳಿ ಹೆದರಿಕೆಯಾಯಿತು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಸಲ ಇಲ್ಲಿ ಬರೆಯುವುದು ಒಳ್ಳೆಯದು ಅನಿಸಿತು.

ನಾವು ಅಂದರೆ ಮೂವರು ಮಕ್ಕಳು. ಒಬ್ಬರು ಚಿತ್ರದುರ್ಗದಲ್ಲಿ ಬಾಪ, ಉಮ್ಮನ ಜೊತೆ ಇದ್ದೇವೆ, ಒಬ್ಬರು ಹಿರಿಯೂರಿನ ಬೇಕರಿ ನೋಡಿಕೊಳ್ಳುತ್ತೇವೆ, ತಂಗಿಯನ್ನು ಕೊಟ್ಟದ್ದು ಹೊಳಲ್ಕೆರೆಗೆ. ಬಾಪ ಹುಡುಗನಾಗಿದ್ದಾಗ ಊರು ಬಿಟ್ಟು ಘಟ್ಟ ಹತ್ತಿ ಬಂದವರು. ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದಿ, ಆಮೇಲೆ ಸ್ವಂತದ್ದು ಮಾಡಿಕೊಂಡವರು. ಈಗ ಅವರಿಗೆ 68 ವರ್ಷ.

ಕಾಯಿಲೆ ಯಾವಾಗ ಶುರುವಾಯಿತು ಅಂತ ಕೇಳಿದರೆ ನಮ್ಮಲ್ಲಿ ಮೂರು ಉತ್ತರ ಉಂಟು. ಉಮ್ಮ ಹೇಳುವುದು, ಒಲೆಯಲ್ಲಿ ಬನ್ ಸೀದು ಹೊಗೆ ಬರುತ್ತಿದ್ದರೂ ಬಾಪನಿಗೆ ವಾಸನೆ ಗೊತ್ತಾಗದ ದಿನ. ಬೇಕರಿಯ ಉದ್ರಿ ಪುಸ್ತಕ ಹೇಳುವುದು ಬೇರೆ: 2020ರಲ್ಲಿ ದಪ್ಪ ದಪ್ಪವಾಗಿದ್ದ ಅಕ್ಷರ ಎರಡು ವರ್ಷದಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿದೆ. ನಾವು ಮಕ್ಕಳು ಕಣ್ಣು ಬಿಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು ಅಂತ ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹೋಗಿತ್ತಲ್ಲ, ನಾವೂ ಹೋಗಿದ್ದೆವು. ಮನೆಗೆ ಬಂದು ವೀಡಿಯೊ ನೋಡಿದರೆ ನೀರಿನ ಮುಂದೆ ನಿಂತ ಬಾಪನ ಬಲಗೈ ಹೆಬ್ಬೆರಳು, ಕಾಣದ ಬೀಡಿ ಕಟ್ಟುವ ಹಾಗೆ ಆಡುತ್ತಿದೆ.

ವಾಸನೆ ಹೋಗುವುದು, ಅಕ್ಷರ ಕುಗ್ಗುವುದು, ಸುಮ್ಮನೆ ಕೂತಾಗ ಕೈ ನಡುಗುವುದು, ಈ ಮೂರೂ ಒಂದೇ ಕಾಯಿಲೆಯ ಗುರುತು ಅಂತ ಬೆಂಗಳೂರಿನ ನರರೋಗ ತಜ್ಞರು ಹೇಳಿದ ಮೇಲೆಯೇ ಗೊತ್ತಾದದ್ದು. ಪಾರ್ಕಿನ್ಸನ್. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು 1817ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೆ ಆ ಹೆಸರು. ಆಯುರ್ವೇದದವರು ಕಂಪವಾತ ಅನ್ನುತ್ತಾರೆ. ಮೆದುಳಿನ ಆಳದಲ್ಲಿ ಡೋಪಮೈನ್ ಎಂಬ ವಸ್ತು ತಯಾರಿಸುವ ಜೀವಕೋಶಗಳಿವೆ. ಅವು ಒಂದೊಂದಾಗಿ ಸಾಯುತ್ತವೆ. ಡೋಪಮೈನ್ ಕಡಿಮೆಯಾದಂತೆ ಚಲನೆ ನಿಧಾನ, ಮೈ ಬಿಗಿ, ನಡುಕ. ಗುಣ ಮಾಡುವ ಔಷಧ ಈವರೆಗೆ ಇಲ್ಲ. ಲೆವೊಡೋಪಾ ಎಂಬ ಮಾತ್ರೆ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ, ಕೊರತೆಯನ್ನು ಕೆಲವು ಗಂಟೆ ತುಂಬುತ್ತದೆ. 1960ರ ದಶಕದಿಂದ ಬಂದ ಔಷಧ, ಇವತ್ತಿಗೂ ಅದೇ ಮುಖ್ಯ.

ಟೊಪ್ಪಿ ಬಂದದ್ದು 2024ರ ಬಕ್ರೀದಿಗೆ. ದುಬೈಯಲ್ಲಿರುವ ಬಾಪನ ತಂಗಿಯ ಮಗ ರಜೆಗೆ ಬರುವಾಗ ತಂದ. ಸೈಕಲ್ ಹೆಲ್ಮೆಟ್ಟಿನ ಹಾಗೆ ಇದೆ, ಒಳಗೆ ಸಾಲು ಸಾಲು ಎಲ್‌ಇಡಿ. ಸ್ವಿಚ್ ಹಾಕಿದರೆ ಸ್ವಲ್ಪ ಕೆಂಪು ಕಾಣುತ್ತದೆ, ಉಳಿದದ್ದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಬಾಪ ನಮಾಜಿನ ಟೊಪ್ಪಿ ತೆಗೆದಿಟ್ಟು ಇದನ್ನು ಹಾಕಿಕೊಂಡದ್ದು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು. ಬೆಲೆ ಕೇಳಿದ ಮೇಲೆ ನಾವು ದೊಡ್ಡವರು ನಗಲಿಲ್ಲ. ಬೇಕರಿಯ ಆರು ತಿಂಗಳ ಬಾಡಿಗೆ.

ಒಂದು ವಿಷಯ ಮೊದಲೇ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಗಳಲ್ಲಿ ಎಲ್ಲ "ಲೈಟ್ ಟ್ರೀಟ್‌ಮೆಂಟ್" ಒಂದೇ ಅಂದುಕೊಳ್ಳುತ್ತಾರೆ. ಹುಟ್ಟಿದ ಮಗುವಿಗೆ ಕಾಮಾಲೆ ಆದಾಗ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರಲ್ಲ, ಅದು ಬೇರೆ. ಅದು 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಶುರುವಾದದ್ದು, ಎಷ್ಟೋ ಮಕ್ಕಳ ಮೆದುಳನ್ನು ಉಳಿಸಿದೆ, ಅದರಲ್ಲಿ ಸಂಶಯವೇ ಇಲ್ಲ. ನಿದ್ದೆ ಸರಿ ಮಾಡಲು ಕಣ್ಣಿನ ಮುಂದೆ ಇಡುವ ಜೋರು ಬಿಳಿ ಬೆಳಕು ಎರಡನೆಯದು. ತಲೆಗೆ ಕೊಡುವ ಈ ಕೆಂಪು, ಇನ್‌ಫ್ರಾರೆಡ್ ಬೆಳಕು ಮೂರನೆಯದು. ಒಂದು ಕೆಲಸ ಮಾಡುತ್ತದೆ ಅಂತ ಇನ್ನೊಂದೂ ಮಾಡುತ್ತದೆ ಎನ್ನಲಾಗದು.

ಈ ಮೂರನೆಯದರ ಹಿಂದಿನ ಯೋಚನೆ ಹೀಗೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇದೆ. ಕೆಂಪು ಬೆಳಕು ಅದಕ್ಕೆ ತಾಗಿದರೆ ಅದು ಚುರುಕಾಗುತ್ತದೆ, ಸೋತ ಕೋಶ ಚೇತರಿಸಿಕೊಳ್ಳುತ್ತದೆ ಅಂತ. ಇಲಿ, ಮಂಗಗಳ ಮೇಲೆ ಆಸ್ಟ್ರೇಲಿಯಾದ ಸಿಡ್ನಿ, ಫ್ರಾನ್ಸಿನ ಗ್ರೆನೋಬಲ್‌ನಂಥ ಕಡೆ ನಡೆದ ಪ್ರಯೋಗಗಳಲ್ಲಿ ಒಳ್ಳೆಯ ಸೂಚನೆ ಕಂಡಿದೆ. ಆದರೆ ಮನುಷ್ಯನ ತಲೆ ಇಲಿಯ ತಲೆಯಲ್ಲ. ಚರ್ಮ, ಮೂಳೆ ದಾಟಿ ಬೆಳಕು ಒಳಗೆ ಹೋಗುವುದು ಎರಡು ಮೂರು ಸೆಂಟಿಮೀಟರು. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶಗಳು ಅದಕ್ಕಿಂತ ಎಷ್ಟೋ ಆಳದಲ್ಲಿವೆ. ಹಾಗಾದರೆ ಉಪಯೋಗ ಹೇಗೆ ಅಂದರೆ, ಬೇರೆ ದಾರಿಯಿಂದ, ಇಡೀ ದೇಹದ ಮೂಲಕ ಆಗಬಹುದು ಎನ್ನುತ್ತಾರೆ ಸಂಶೋಧಕರು. ಆಗಬಹುದು, ಅಷ್ಟೇ.

ಮನೆಯಲ್ಲಿ ಮಾಡಿ ನೋಡಿದವರಲ್ಲಿ ಹೆಸರಾದದ್ದು ಟಾಸ್ಮೇನಿಯಾದ ಕೆಲವು ರೋಗಿಗಳು. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ದ್ವೀಪ ಅದು. ಅಲ್ಲಿನ ನಿವೃತ್ತ ವೈದ್ಯೆ ಕ್ಯಾಥರೀನ್ ಹ್ಯಾಮಿಲ್ಟನ್ ಅವರ ಬಳಗದವರು ಬಕೆಟ್ಟಿನಂಥ ಡಬ್ಬಿಯೊಳಗೆ ಎಲ್‌ಇಡಿ ಪಟ್ಟಿ ಅಂಟಿಸಿ ತಲೆಗೆ ಕವುಚಿಕೊಂಡರು. 2019ರಲ್ಲಿ ಬಂದ ಅವರ ವರದಿಯ ಹೆಸರಿನಲ್ಲೇ ಬಕೆಟ್ಟು ಇದೆ. ಆರು ಜನ, ಹಲವು ಲಕ್ಷಣ ಸುಧಾರಿಸಿತು ಎಂದರು. ಅಡಿಲೇಡಿನಲ್ಲಿ 12 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಬಂತು, ಅಲ್ಲೂ ಸುಧಾರಣೆ ಕಂಡಿತು. 2023ರಲ್ಲಿ ಬಂದದ್ದು 40 ಜನರದ್ದು. ಕೆಲವರಿಗೆ ನಿಜವಾದ ಹೆಲ್ಮೆಟ್, ಕೆಲವರಿಗೆ ಹಾಗೇ ಕಾಣುವ ಡಮ್ಮಿ. ಹೆಲ್ಮೆಟ್ಟಿನಿಂದ ಅಪಾಯ ಇಲ್ಲ, ಮನೆಯಲ್ಲಿ ಬಳಸಲು ಆಗುತ್ತದೆ ಎಂಬುದನ್ನು ಅದು ತೋರಿಸಿತು. ಕಾಯಿಲೆಗೆ ಗುಣ ಇದೆ ಎಂದು ಸಾಬೀತು ಮಾಡಲು ಅಷ್ಟು ಜನ ಸಾಲದು.

ಡಮ್ಮಿ ಯಾಕೆ ಬೇಕು? ಪಾರ್ಕಿನ್ಸನ್ ಈ ವಿಷಯದಲ್ಲಿ ವಿಚಿತ್ರ ಕಾಯಿಲೆ. ಗುಣವಾಗುತ್ತದೆ ಎಂಬ ನಂಬಿಕೆಯೇ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆ ಮಾಡಿಸುತ್ತದೆ ಅಂತ ಕೆನಡಾದ ವ್ಯಾಂಕೂವರಿನವರು 2001ರಲ್ಲೇ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. 2015ರಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 12 ರೋಗಿಗಳಿಗೆ ಎರಡು ಇಂಜೆಕ್ಷನ್: ಒಂದು 100 ಡಾಲರಿನದು, ಇನ್ನೊಂದು 1,500 ಡಾಲರಿನದು ಎಂದು ಹೇಳಿದರು. ಎರಡರಲ್ಲೂ ಇದ್ದದ್ದು ಬರೀ ಉಪ್ಪು ನೀರು. ದುಬಾರಿ ಎಂದು ಹೇಳಿದ್ದೇ ಹೆಚ್ಚು ಕೆಲಸ ಮಾಡಿತು! ಇದನ್ನು ಓದಿದ ಮೇಲೆ ನಾವು ಆರು ತಿಂಗಳ ಬಾಡಿಗೆಯ ಟೊಪ್ಪಿಯನ್ನು ಬೇರೆ ಕಣ್ಣಿನಿಂದ ನೋಡಿದೆವು.

ಆದರೂ ತಂದದ್ದಾಗಿದೆ, ತಂದ ಹುಡುಗನ ಪ್ರೀತಿ ಸುಳ್ಳಲ್ಲ. ಡಾಕ್ಟರನ್ನು ಕೇಳಿದೆವು. ಅವರು ಬೈಯುತ್ತಾರೆ ಅಂದುಕೊಂಡಿದ್ದೆವು, ಬೈಯಲಿಲ್ಲ. "ಹಾಕ್ಕೊಳ್ಳಲಿ, ನಾನು ಬೇಡ ಅನ್ನಲ್ಲ. ಎರಡು ಮಾತು. ಒಂದು ಮಾತ್ರೇನೂ ಕಮ್ಮಿ ಮಾಡಬಾರದು. ದಿನಾ ಬರೆದಿಡಬೇಕು, ಇಲ್ಲಾಂದ್ರೆ ನಿಮಗೇ ನೀವು ಮೋಸ ಮಾಡ್ಕೋತೀರಿ." ಬಾಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಹಾಗಾಗಿ ಕಣ್ಣಿನ ಡಾಕ್ಟರಿಗೂ ತೋರಿಸಲು ಹೇಳಿದರು.

ಮೊದಲ ಎರಡು ವಾರ ಟೊಪ್ಪಿ ಮುಟ್ಟಲೇ ಇಲ್ಲ, ಬರೀ ಬರೆದೆವು. ಬೇಕರಿಯ ಹಳೆಯ ಲೆಕ್ಕದ ಪುಸ್ತಕ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್, ಇದು ಆಸ್ಪತ್ರೆಯಲ್ಲೂ ಮಾಡಿಸುವ ಪರೀಕ್ಷೆ. ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತು. ಒಂದು ಸಾಲು ಬರಹ. ರಾತ್ರಿ ಎಷ್ಟು ಸಲ ಎದ್ದರು, ಹಗಲು ಎಷ್ಟು ಹೊತ್ತು ತೂಕಡಿಸಿದರು. ಎಲ್ಲ ಒಂದೇ ಹೊತ್ತಿಗೆ, ಬೆಳಗಿನ ಮಾತ್ರೆ ತೆಗೆದುಕೊಂಡು ಒಂದು ಗಂಟೆಯ ಮೇಲೆ. ನಡಿಗೆ ಸರಾಸರಿ 19 ಸೆಕೆಂಡ್ ಬಂತು.

ಜುಲೈಯಿಂದ ಟೊಪ್ಪಿ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಇಪ್ಪತ್ತು ನಿಮಿಷ. ನಾಲ್ಕನೇ ವಾರಕ್ಕೆ 16 ಸೆಕೆಂಡ್! ಅಕ್ಷರ ಸ್ವಲ್ಪ ದೊಡ್ಡದಾಗಿತ್ತು. ಉಮ್ಮ ದುಬೈಗೆ ಫೋನ್ ಮಾಡಿ ಅತ್ತರು. ನಡುಕ ನಿಂತಿತು ಎಂಬ ಸುದ್ದಿ ಹೊರಗೆ ಹೋದದ್ದು ಆ ವಾರವೇ ಇರಬೇಕು. ನಡುಕ ನಿಂತಿರಲಿಲ್ಲ, ಅದು ಪುಸ್ತಕದಲ್ಲಿ ಸ್ಪಷ್ಟ ಇದೆ, ಆದರೆ ಪುಸ್ತಕ ನೋಡಿ ಯಾರು ಸುದ್ದಿ ಹಂಚುತ್ತಾರೆ?

ಐದನೇ ವಾರದಿಂದ ಲೆಕ್ಕ ಏರತೊಡಗಿತು. 17, 18, ಆಮೇಲೆ 21. ನಾವು ಚಳಿ ಅಂದೆವು. ದುರ್ಗದ ಆಗಸ್ಟ್ ತಿಂಗಳ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆಯಿಂದ ಬೀಸಿದರೆ ಗಟ್ಟಿಮುಟ್ಟಾದವರಿಗೂ ಮೈ ಬಿಗಿಯಾಗುತ್ತದೆ. ಏಳನೇ ವಾರ ಒಂದು ಸಂಜೆ ಬಾಪ ಅಸರ್ ನಮಾಜಿಗೆ ವುಝೂ ಮಾಡಲು ಹೋದವರು ಬಾತ್‌ರೂಮ್ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರು. ಮೈ ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಹಣೆ ನಲ್ಲಿಗೆ ಬಡಿದು ಹುಬ್ಬಿನ ಮೇಲೆ ಐದು ಹೊಲಿಗೆ. ಸೊಂಟದ ಮೂಳೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಆ ರಾತ್ರಿ ತಂಗಿ ಹೊಳಲ್ಕೆರೆಯಿಂದ ಬಂದವಳು ಮಾತ್ರೆಯ ಡಬ್ಬಿ ತೆಗೆದು ಸ್ಟ್ರಿಪ್ ಎಣಿಸಿದಳು. ಖಾಲಿ ಆಗಬೇಕಾದ ಕಡೆ ಇಪ್ಪತ್ತಮೂರು ಮಾತ್ರೆ ಉಳಿದಿತ್ತು. ಬಾಪ ಮಧ್ಯಾಹ್ನ ಮೂರು ಗಂಟೆಯ ಮಾತ್ರೆಯನ್ನು ಮೂರು ವಾರದಿಂದ ಬಿಟ್ಟಿದ್ದರು, ಬೇರೆ ಹೊತ್ತಿನದೂ ಒಂದೆರಡು. ನಮಗೆ ಯಾರಿಗೂ ಹೇಳಿರಲಿಲ್ಲ. ಕೇಳಿದರೆ, "ಲೈಟು ಕೆಲಸ ಮಾಡ್ತಾ ಉಂಟಲ್ಲ. ನಿಮಗೆ ಮಾತ್ರೆಯ ಖರ್ಚಾದರೂ ಉಳಿಯಲಿ ಅಂತ." ಬಾಡಿಗೆಯ ಹಣವನ್ನು ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದ ಮನುಷ್ಯ ಯೋಚಿಸಿದ್ದು ಹೀಗೆ. ನಮಗೆ ಬೈಯಲು ಬಾಯಿ ಬರಲಿಲ್ಲ. ಬೆಲೆಯನ್ನು ಅವರ ಎದುರು ಹತ್ತು ಸಲ ಹೇಳಿದ್ದು ನಾವೇ.

ಡಾಕ್ಟರು ಈ ಸಲ ಬೈದರು. ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಿದರೆ ಬರೀ ಬೀಳುವುದಲ್ಲ, ಮೈ ಮರದ ಹಾಗೆ ಬಿಗಿದು ಜ್ವರ ಏರಿ ಜೀವಕ್ಕೇ ಅಪಾಯ ಆಗಬಹುದು ಎಂದರು. ಹಿರಿಯೂರಿನ ಆ ತಾಯಿಯ ಮಗಳು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಮಾತ್ರೆ ಕಡಿಮೆ ಮಾಡುವುದಾದರೂ ಹೆಚ್ಚು ಮಾಡುವುದಾದರೂ ಬರೆದುಕೊಟ್ಟ ಡಾಕ್ಟರೇ ಮಾಡಬೇಕು.

ಮೂರು ಗಂಟೆಯ ಮಾತ್ರೆ ವಾಪಸ್ ಬಂದ ಮೇಲೆ ಹತ್ತು ದಿನದಲ್ಲಿ ಲೆಕ್ಕ ಮತ್ತೆ 16ಕ್ಕೆ ಇಳಿಯಿತು. ಹನ್ನೆರಡು ವಾರ ಮುಗಿಸಿದೆವು. ಆಮೇಲೆ ನಾಲ್ಕು ವಾರ ಟೊಪ್ಪಿ ಕಪಾಟಿನಲ್ಲಿಟ್ಟು, ಬರೆಯುವುದು ಮಾತ್ರ ಮುಂದುವರಿಸಿದೆವು. 16, 17, 16, 16. ಟೊಪ್ಪಿ ಇಲ್ಲದೆಯೂ ಅದೇ.

ಹಾಗಾದರೆ ಮೊದಲ ತಿಂಗಳು 19 ಇದ್ದದ್ದು 16 ಆದದ್ದು ಯಾಕೆ? ಕೂತು ಯೋಚಿಸಿದಾಗ ಗೊತ್ತಾಯಿತು, ನಾವು ಒಂದೇ ಸಲಕ್ಕೆ ನಾಲ್ಕು ವಿಷಯ ಬದಲಿಸಿದ್ದೆವು. ಟೊಪ್ಪಿ ಹಾಕಲು ಬೆಳಿಗ್ಗೆ ಜಗಲಿಗೆ ಬಂದದ್ದು ಒಂದು. ಪಕ್ಕದಲ್ಲಿ ಯಾರಾದರೂ ಇಪ್ಪತ್ತು ನಿಮಿಷ ಕೂತು ಮಾತಾಡಿದ್ದು ಒಂದು. ಆಮೇಲೆ ಬೀದಿ ಕೊನೆಯ ತನಕ ನಡೆದದ್ದು. ಎಲ್ಲಕ್ಕಿಂತ ಮುಖ್ಯ, ಲೆಕ್ಕಕ್ಕಾಗಿ ಮಾತ್ರೆಯ ಹೊತ್ತು ಸರಿ ಮಾಡಿದ್ದು. ಟೊಪ್ಪಿಗೆ ಒಂದಿಷ್ಟು ಪಾಲು ಇರಬಹುದು, ಇಲ್ಲದೆಯೂ ಇರಬಹುದು. ಒಬ್ಬ ಮನುಷ್ಯನ ಪುಸ್ತಕ ಅದನ್ನು ತೀರ್ಮಾನಿಸಲಾರದು.

ಮಾತ್ರೆಯ ಹೊತ್ತಿನ ಬಗ್ಗೆ ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದದ್ದುಂಟು. ಮೊದಲು ನಾವು ಬಾಪನ ಮಾತ್ರೆಯನ್ನು ನಮಾಜಿನ ಹೊತ್ತಿಗೆ ಕಟ್ಟಿದ್ದೆವು, ಮರೆಯುವುದಿಲ್ಲ ಅಂತ. ಸುಬಹಿ, ಲುಹರ್, ಅಸರ್, ಮಗ್ರಿಬ್. ಕೇಳಲು ಚೆಂದ. ಆದರೆ ಅಸರ್, ಮಗ್ರಿಬಿನ ನಡುವೆ ಎರಡೂವರೆ, ಮೂರು ಗಂಟೆ, ಸುಬಹಿಯಿಂದ ಲುಹರಿಗೆ ಏಳು ಗಂಟೆಯ ಮೇಲೆ. ಈ ಮಾತ್ರೆಯ ಶಕ್ತಿ ಕೆಲವೇ ಗಂಟೆ ನಿಲ್ಲುವುದು. ಹಾಗಾಗಿ ದಿನಾ ಹತ್ತು ಗಂಟೆಗೆ ಬಾಪ ಕಲ್ಲಾಗುತ್ತಿದ್ದರು, ನಾವು ಕಾಯಿಲೆ ಹೆಚ್ಚಾಯಿತು ಅಂದುಕೊಳ್ಳುತ್ತಿದ್ದೆವು. ಈಗ ಗಡಿಯಾರ ನೋಡಿ 7, 11, 3, 7. ಫೋನಿನಲ್ಲಿ ಅಲಾರಂ. ಇನ್ನೊಂದು, ಮಾಂಸ, ಮೀನು, ಮೊಟ್ಟೆಯ ಪ್ರೋಟೀನು ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಪತ್ತಿರ್ ಮತ್ತು ಕೋಳಿ ಸಾರಿನ ಜೊತೆ ಮಾತ್ರೆ ನುಂಗಿದರೆ ಅರ್ಧ ವ್ಯರ್ಥ. ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ತೆಗೆದುಕೊಳ್ಳುವುದು, ವಾಕರಿಕೆ ಬಂದರೆ ಒಂದು ಬಿಸ್ಕೆಟ್ ಸಾಕು. ರಂಝಾನಿನಲ್ಲಿ ಬಾಪ ಉಪವಾಸ ಬಿಡಲು ಒಪ್ಪಲಿಲ್ಲ, ಖತೀಬರೇ ಮನೆಗೆ ಬಂದು ಕೂತು ಹೇಳಬೇಕಾಯಿತು. ಈಗ ಫಿದ್ಯ ಕೊಡುತ್ತಾರೆ. ನಮಾಜು ಕುರ್ಚಿಯಲ್ಲಿ.

ಇನ್ನು ಬೆಳಕಿನ ವಿಷಯದಲ್ಲಿ ಟೊಪ್ಪಿಗಿಂತ ಹೆಚ್ಚು ನಂಬುವಂಥದ್ದು ನಮಗೆ ಕಂಡದ್ದು ಆ ಎರಡನೆಯ ಬೆಳಕು, ನಿದ್ದೆಯದ್ದು. ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾದ ಲೆಕ್ಕ ಅದೇ. ರಾತ್ರಿ ಐದು ಸಲ ಏಳುತ್ತಿದ್ದವರು ಈಗ ಎರಡು ಸಲ, ಹಗಲು ತೂಕಡಿಕೆ ಅರ್ಧಕ್ಕರ್ಧ ಕಡಿಮೆ, ಟೊಪ್ಪಿ ಕಪಾಟು ಸೇರಿದ ಮೇಲೂ. ಅಮೆರಿಕದಲ್ಲಿ 31 ಪಾರ್ಕಿನ್ಸನ್ ರೋಗಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ದಿನಕ್ಕೆ ಎರಡು ಸಲ ಒಂದೊಂದು ಗಂಟೆ, ಹದಿನಾಲ್ಕು ದಿನ, ಕೆಲವರಿಗೆ 10,000 ಲಕ್ಸ್ ಜೋರು ಬೆಳಕು, ಕೆಲವರಿಗೆ ಮಂಕು ಕೆಂಪು ಬೆಳಕು. ಜೋರು ಬೆಳಕಿನವರಿಗೆ ಹಗಲಿನ ತೂಕಡಿಕೆ ಹೆಚ್ಚು ಕಡಿಮೆಯಾಯಿತು. ಇಲ್ಲೂ ಒಂದು ತಮಾಷೆ, ರಾತ್ರಿಯ ನಿದ್ದೆ ಮಂಕು ಬೆಳಕಿನವರಿಗೂ ಸುಧಾರಿಸಿತು. ಹೊತ್ತಿಗೆ ಸರಿಯಾಗಿ ಎದ್ದು ಕೂರುವುದೇ ಒಂದು ಔಷಧವೋ ಏನೋ.

ಲಕ್ಸ್ ಅಂದರೆ ಬೆಳಕಿನ ಅಳತೆ. ನಮ್ಮ ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದರೂ ಕೆಲವು ನೂರು ಲಕ್ಸ್ ಅಷ್ಟೇ. ಹೊರಗೆ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ, ಎಂಟು ಗಂಟೆಗೆ ಸಾವಿರಗಟ್ಟಲೆ. ಚಳಿ ದೇಶದವರು ದುಡ್ಡು ಕೊಟ್ಟು ಪೆಟ್ಟಿಗೆಯಲ್ಲಿ ತರಿಸುವ ಬೆಳಕು ಚಿತ್ರದುರ್ಗದಲ್ಲಿ ಬೇಡ ಅಂದರೂ ಬಾಗಿಲಿಗೆ ಬರುತ್ತದೆ. ಬಾಪ ಈಗ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಅಲ್ಲಿ ಪೇಪರ್ ಹಿಡಿದು ಕೂರುತ್ತಾರೆ. ಸೂರ್ಯನನ್ನು ನೇರ ನೋಡುವುದಲ್ಲ, ಬರೀ ಬೆಳಕಿನಲ್ಲಿ ಇರುವುದು. ಕಣ್ಣಿನ ಕಾಯಿಲೆ ಇದ್ದವರು, ಬಿಸಿಲಿಗೆ ಚರ್ಮ ಕೆಂಪಾಗುವ ಔಷಧ ತೆಗೆದುಕೊಳ್ಳುವವರು ಕೇಳಿಕೊಂಡು ಮಾಡಬೇಕು.

ಬಾತ್‌ರೂಮ್ ಹೊಸ್ತಿಲಿಗೆ ಫಿಸಿಯೊಥೆರಪಿಯವರು ಹೇಳಿಕೊಟ್ಟ ಉಪಾಯ ಒಂದು ಹಳದಿ ಟೇಪು. ನೆಲದ ಮೇಲೆ ಅಡ್ಡ ಗೆರೆ ಅಂಟಿಸಿದ್ದೇವೆ. ಕಾಲು ಅಂಟಿಕೊಂಡಾಗ ಬಾಪ ಗೆರೆ ನೋಡಿ, ಅದನ್ನು ದಾಟುವುದು ಅಂತ ಯೋಚಿಸಿದರೆ ಕಾಲು ಏಳುತ್ತದೆ. ಯಾಕೆ ಅಂತ ಡಾಕ್ಟರು ವಿವರಿಸಿದರು, ನಮಗೆ ಅರ್ಧ ಅರ್ಥವಾಯಿತು. ಟೇಪಿಗೆ ನಲವತ್ತು ರೂಪಾಯಿ.

ಹೊಸದುರ್ಗದ ಆ ವ್ಯಾಪಾರಿ ಮದುವೆಯಾದ ಮರುವಾರವೇ ಟೊಪ್ಪಿ ಕೇಳಿಕೊಂಡು ಬಂದರು. "ಬೇಡ ಅನ್ನಬೇಡಿ, ತಂದೆ ದಿನಾ ಕೇಳ್ತಾರೆ" ಅಂದರು. ಅವರ ಡಾಕ್ಟರನ್ನು ಕೇಳಿ ಬನ್ನಿ ಅಂದೆವು, ಕೇಳಿ ಬಂದರು. ಕೊಟ್ಟೆವು. ಜೊತೆಗೆ ಬೇಕರಿಯ ಒಂದು ಲೆಕ್ಕದ ಪುಸ್ತಕವನ್ನೂ ಕೊಟ್ಟು, ಎರಡು ವಾರ ಟೊಪ್ಪಿ ಮುಟ್ಟದೆ ಬರೀ ಬರೆಯಲು ಹೇಳಿದ್ದೇವೆ. ಎಷ್ಟು ದುಡ್ಡಿನದು ಅಂತ ಅವರ ತಂದೆಗೆ ಹೇಳಬೇಡಿ ಎಂದೂ ಹೇಳಿದ್ದೇವೆ. ನಿನ್ನೆ ಫೋನ್ ಮಾಡಿದಾಗ ಒಂಬತ್ತನೇ ದಿನ ಅಂದರು. ಮಾತ್ರೆಯ ಸ್ಟ್ರಿಪ್ ಎಣಿಸುವ ಕೆಲಸ ಸೊಸೆ ವಹಿಸಿಕೊಂಡಿದ್ದಾರಂತೆ.